ನಾಲ್ಕಂಗುಲ

ಮಹಾಭಾರತದ ದ್ರೋಣಪರ್ವದಲ್ಲಿ ಒಂದು ಸಂಗತಿಯುಂಟು. ಧರ್ಮರಾಯನ ರಥವು ಅವನ ಸತ್ಯದ ಬಲದಿಂದ ನೆಲವನ್ನು ಸೋಂಕದೆ ನಾಲ್ಕಂಗುಲ ಮೇಲೆಯೇ ಸಂಚರಿಸುತ್ತಿದ್ದಿತು; ಅಶ್ವತ್ಥಾಮನ ಹೆಸರಿನಲ್ಲಿ ಆ ಅರೆಸುಳ್ಳನ್ನು ನುಡಿದೊಡನೆ ಅದು ಭೂಮಿಗೆ ಇಳಿಯಿತು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ಕಥೆಯನ್ನು ಹುಡುಗರಿಗೆ ಹೇಳಿದ್ದೇನೆ. ರಥವನ್ನು ನಾಲ್ಕಂಗುಲ ಎತ್ತರಿಸುವುದಕ್ಕೆ ಬೇಕಾದ ಸಾಮಾನು ಬೆಂಗಳೂರಿನ ಅಂಗಡಿಗಳಲ್ಲಿ ಕ್ರಯಕ್ಕೆ ದೊರೆಯುವುದೆಂಬುದು ಮಾತ್ರ ನಿವೃತ್ತನಾದ ಮೇಲೆ ತಿಳಿಯಿತು.

ನಾನು ಪಾಠಶಾಲೆಯಲ್ಲಿ ಓದಿದವನು. ಯಂತ್ರಗಳ ವಿಷಯದಲ್ಲಿ ನನ್ನ ಜ್ಞಾನ ಬಾವಿಯ ರಾಟೆಯನ್ನು ದಾಟಿ ಹೋದುದಿಲ್ಲ. ಆದರೂ ಈ ವಿಷಯವನ್ನು ಬರೆಯಲು ತೊಡಗಿರುವುದಕ್ಕೆ ಕಾರಣವಿದೆ. ಒಂದು ಗಾಡಿಗೆ ಬೇಕಾದ ಸಾಮಾನನ್ನು ಆರಿಸುವುದರಲ್ಲಿ ನಾನು ತಪ್ಪಿದೆನು. ಆ ತಪ್ಪಿನ ಪೆಟ್ಟು ನನ್ನ ಮೇಲೆ ಬೀಳದೆ ಬೇರೊಬ್ಬರ ಮೇಲೆ ಬೀಳುವುದರಲ್ಲಿದ್ದಿತು.

ಘಾಟಿ ಸುಬ್ರಹ್ಮಣ್ಯವನ್ನು ವಾಚಕರು ಬಲ್ಲರು. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವಕ್ಕೋ, ದನಗಳ ಜಾತ್ರೆಗೋ, ನಾಗಪ್ರತಿಷ್ಠೆಗೋ ಒಂದು ಸಲವಾದರೂ ಬಂದಿರುತ್ತಾರೆ. ಆದರೆ ಇಲ್ಲಿಂದ ಮಾಕಳಿದುರ್ಗದ ಬೆಟ್ಟದ ಕಡೆಗೆ ಒಡೆಯುವ ಬಂಡಿಜಾಡುಗಳನ್ನು ಕಂಡವರು ಕಡಮೆ. ಅಂಥದೊಂದು ಜಾಡಿನಲ್ಲಿ, ಟಾರು ರಸ್ತೆಯಿಂದ ಒಂದೂವರೆ ಮೈಲಿ ಒಳಗೆ, ನಮ್ಮ ಅಣ್ಣನವರ ತೋಟದ ಮನೆ. ಅಣ್ಣನವರು ತೀರಿಕೊಂಡು ಹಲವು ವರ್ಷಗಳಾದುವು. ಈಗ ಅಲ್ಲಿ ಅತ್ತಿಗೆಯವರೂ ಅವರ ಮಗನೂ ಸೊಸೆಯೂ ಇದ್ದಾರೆ. ಅತ್ತಿಗೆಗೆ ಎಪ್ಪತ್ತೆಂಟು ವರ್ಷ. ಮೂತ್ರಪಿಂಡಗಳು ಕೆಲಸ ಬಿಟ್ಟುದರಿಂದ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ದೊಡ್ಡಬಳ್ಳಾಪುರಕ್ಕೆ ಡಯಾಲಿಸಿಸ್ಸಿಗೆ ಹೋಗಲೇಬೇಕು. ಮಳೆ ಬಂದಿತು, ಹಳ್ಳ ಹರಿಯಿತು ಎಂದು ಒಂದು ಸಲ ತಪ್ಪಿಸುವಂತಿಲ್ಲ. ಅವರ ಎಡಗೈಯಲ್ಲಿ ವೈದ್ಯರು ಎರಡು ರಕ್ತನಾಳಗಳನ್ನು ಕೂಡಿಸಿ ಫಿಸ್ಟುಲಾ ಎಂಬುದನ್ನು ಮಾಡಿದ್ದಾರೆ. ಆ ಕೈಯಿಂದ ನೀರಿನ ಕೊಡ ಎತ್ತಕೂಡದು, ಅದಕ್ಕೆ ಪೆಟ್ಟು ತಗುಲಕೂಡದು. ಮನೆಯಲ್ಲಿ ಎಲ್ಲರೂ ಆ ಕೈಯನ್ನು ಹಸುಗೂಸಿನಂತೆ ನೋಡಿಕೊಳ್ಳುತ್ತಾರೆ.

ಅವರನ್ನು ಕರೆದೊಯ್ಯುವುದು ಅಣ್ಣನವರು ಬಿಟ್ಟುಹೋದ ಜೀಪು. ಜೀಪೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ಹುಟ್ಟಿದ ಗಾಡಿ. 1940ರ ದಶಕದ ಕೊನೆಯ ಭಾಗದಲ್ಲಿ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ನಮ್ಮದು ಆ ವಂಶದ ಎಂ.ಎಂ. 540. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುತ್ತದೆ. ಮುಂದೊಂದು, ಹಿಂದೊಂದು ಇಡಿಯಾದ ಅಚ್ಚು; ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ, ಹಿಂದಿನ ಜಟಕಾ ಗಾಡಿಗಳಿಗೆ ಇದ್ದಂತೆ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಕಮಾನು. ಕಠೋಪನಿಷತ್ತು ಶರೀರವನ್ನು ರಥವೆಂದು ಹೇಳುವಾಗ ರಥಿ, ಸಾರಥಿ, ಕಡಿವಾಣ, ಕುದುರೆ ಎಲ್ಲವನ್ನೂ ಎಣಿಸುತ್ತದೆ, ಕಮಾನಿನ ಮಾತನ್ನೆತ್ತುವುದಿಲ್ಲ. ಋಷಿಗಳು ನಮ್ಮ ತೋಟದ ದಾರಿಯಲ್ಲಿ ಪ್ರಯಾಣ ಮಾಡಿದವರಲ್ಲವೆಂದು ತೋರುತ್ತದೆ.

2022ರ ಮಳೆಗಾಲದಲ್ಲಿ ಆ ದಾರಿಯ ಮಣ್ಣೆಲ್ಲ ಕೊಚ್ಚಿ ಹೋಗಿ ಕೆಳಗಿನ ಬಂಡೆಗಳು ತಲೆಯೆತ್ತಿದುವು. ಜೀಪಿನ ಅಡಿ ಅವುಗಳಿಗೆ ತಗುಲಿ ಕರಕರ ಸದ್ದು ಮಾಡತೊಡಗಿತು. ಒಂದು ಮಂಗಳವಾರ ಬಂಡೆಯೊಂದರ ಮೇಲೆ ಕುಳಿತೇಬಿಟ್ಟಿತು. ಪಕ್ಕದ ತೋಟದವರು ನಾಲ್ವರು ಬಂದು ಎತ್ತಿ ನೂಕಿದರು. ಅಂದು ಆಸ್ಪತ್ರೆಗೆ ಒಂದೂವರೆ ಗಂಟೆ ತಡ.

ಅಣ್ಣನ ಮಗನು, "ಚಿಕ್ಕಪ್ಪ, ಗಾಡಿಯನ್ನು ನಾಲ್ಕಂಗುಲ ಎತ್ತಿಸದೆ ವಿಧಿಯಿಲ್ಲ" ಎಂದನು. ಆದಿತ್ಯವಾರಗಳಲ್ಲಿ ಬೆಂಗಳೂರಿನ ತರುಣರು ಥಾರ್ ಗಾಡಿಗಳಲ್ಲಿ ಈ ಕಡೆ ಬರುವುದನ್ನು ಅವನು ನೋಡಿದ್ದನು. ಮಹೀಂದ್ರ ಕಂಪೆನಿಯವರು 2010ರಲ್ಲಿ ತಂದ ಗಾಡಿಯದು. 2020ರಲ್ಲಿ ಹೊಸ ರೂಪದಲ್ಲಿ ಹೊರಟಿತು. ಕೆಲವರು ಅದನ್ನೂ ಇನ್ನಷ್ಟು ಎತ್ತರಿಸಿ, ಏಣಿಯಿಲ್ಲದೆ ಹತ್ತಲಾಗದಂತೆ ಮಾಡಿಕೊಂಡಿರುತ್ತಾರೆ. ನನಗೋ ನಾಲ್ಕಂಗುಲವೆಂಬ ಮಾತು ಕಿವಿಗೆ ಬಿದ್ದೊಡನೆ ಧರ್ಮರಾಯನ ರಥ ನೆನಪಾಗಿ ಒಂದು ಬಗೆಯ ಉತ್ಸಾಹವೇ ಬಂದಿತು. (ಶಾಸ್ತ್ರದ ಅಂಗುಲ ಸುಮಾರು ಮುಕ್ಕಾಲು ಇಂಚು. ಇಲ್ಲಿ ನಾನು ಹೇಳುವುದು ಅಂಗಡಿಯವರ ಅಂಗುಲ, ಎಂದರೆ ಇಂಚು.)

ಇಬ್ಬರೂ ಬೆಂಗಳೂರಿಗೆ ಹೋದೆವು. ಅಂಗಡಿಯವನು ಎತ್ತರಿಸುವ ಮಾರ್ಗಗಳನ್ನು ಒಂದೊಂದಾಗಿ ವಿವರಿಸಿದನು. ಕಮಾನಿನ ಒಂದು ತುದಿಯನ್ನು ಚೌಕಟ್ಟಿಗೆ ತೂಗುಹಾಕುವ ಷಾಕಲ್ ಎಂಬ ಜೋಡಿಪಟ್ಟಿಗಳಿವೆ; ಅವುಗಳ ಬದಲು ನಾಲ್ಕಂಗುಲ ಉದ್ದವಾದುವನ್ನು ಹಾಕಬಹುದು. ಕಮಾನಿಗೆ ಇನ್ನೊಂದು ಪಟ್ಟಿಯನ್ನು ಸೇರಿಸಬಹುದು. ಅಚ್ಚಿನ ಕೆಳಗೆ ಕಟ್ಟಿದ ಕಮಾನನ್ನು ಅಚ್ಚಿನ ಮೇಲಕ್ಕೆ ತರಬಹುದು. ಇಲ್ಲವೇ ಹೆಚ್ಚು ಬಾಗಿದ ಹೊಸ ಕಮಾನುಗಳನ್ನೂ, ಅವಕ್ಕೆ ತಕ್ಕ ಉದ್ದನೆಯ ಷಾಕ್ ಅಬ್ಸಾರ್ಬರುಗಳನ್ನೂ, ಬ್ರೇಕಿನ ಉದ್ದನೆಯ ಕೊಳವೆಗಳನ್ನೂ ಒಟ್ಟಿಗೆ ಕೊಳ್ಳಬಹುದು. ಮೊದಲನೆಯದಕ್ಕೆ ಕೆಲವೇ ಸಾವಿರ; ಕೊನೆಯದಕ್ಕೆ ನನ್ನ ಎರಡು ತಿಂಗಳ ಪಿಂಚಣಿ. ಹುಡುಗನು ನನ್ನನ್ನು ಪಕ್ಕಕ್ಕೆ ಕರೆದು, "ಊರಿನ ಸಾಹೇಬರನ್ನು ಒಂದು ಮಾತು ಕೇಳಿ ಆಮೇಲೆ ಬರೋಣ, ಚಿಕ್ಕಪ್ಪ" ಎಂದನು. ನಾನು ಕೇಳಲಿಲ್ಲ. ಮುಂದಿನ ಶುಕ್ರವಾರದೊಳಗಾಗಿ ಕೆಲಸ ಮುಗಿಯಲೆಂಬ ಆತುರ. ಹಣ ಕೊಡುವವನು ನಾನೆಂಬ ಸಣ್ಣ ಗರ್ವವೂ ಇದ್ದಿತೆಂದು ಒಪ್ಪಿಕೊಳ್ಳಬೇಕು. ಉದ್ದನೆಯ ಷಾಕಲ್ಲುಗಳನ್ನು ಕೊಂಡು ಅಂದೇ ಹಾಕಿಸಿಕೊಂಡು ಬಂದೆವು.

ನಮ್ಮ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತನ್ನು ಕೊಳ್ಳುವ ರೈತನನ್ನು ನೋಡಿರಿ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ; ಇಷ್ಟಾದ ಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಆ ಊರಿನಲ್ಲಿ ಹುಟ್ಟಿ ಬೆಳೆದ ನಾನು ಬೆಲೆಯೊಂದನ್ನೇ ನೋಡಿದೆನು.

ಮೊದಲ ಸೂಚನೆ ಅತ್ತಿಗೆಯವರಿಂದಲೇ ಬಂದಿತು. ಶುಕ್ರವಾರ ಬೆಳಿಗ್ಗೆ ಜೀಪಿನ ಮೆಟ್ಟಿಲಿಗೆ ಕಾಲು ಎಟುಕದೆ ಅವರು ಎರಡು ಸಲ ಹಿಂದಕ್ಕೆ ಸರಿದರು. ಸೊಸೆ ಹಿಂದಿನಿಂದ ಎತ್ತಿ ಕೂರಿಸಿದಳು. "ಇದು ಯಾರಿಗೆ ಎತ್ತರವಾಯಿತಪ್ಪ?" ಎಂದರು. ನಾನು ನಕ್ಕು ಸುಮ್ಮನಾದೆನು.

ದೊಡ್ಡಬಳ್ಳಾಪುರದ ರಸ್ತೆಯ ಒಂದು ತಿರುವಿನಲ್ಲಿ ಎದುರಿಗೆ ಟೆಂಪೊ ಒಂದು ಬಂದಿತು. ಹುಡುಗನು ಎಡಕ್ಕೆ ತಿರುಗಿಸಿದನು. ತಿರುಗಿಸಿದ ಚಕ್ರ, ಎಂದಿನಂತೆ ತಾನಾಗಿ ನೆಟ್ಟಗಾಗಲಿಲ್ಲ. ಎಡಕ್ಕೇ ಎಳೆಯುತ್ತ ಹೋಯಿತು. ಅವನು ಬಲವಂತದಿಂದ ಬಲಕ್ಕೆ ಸೆಳೆದರೆ ಅತ್ತ ಜಾರಿತು. ಎರಡು ಮೂರು ಸಲ ಹಾಗೆ ತೂರಾಡಿ ಜೀಪು ರಸ್ತೆಯ ಪಕ್ಕದ ಚರಂಡಿಗೆ ಇಳಿದು ಓರೆಯಾಗಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಹಿಂದಕ್ಕೆ ತಿರುಗಿ ನೋಡಿದರೆ ಅತ್ತಿಗೆಯವರು ಎಡಗೈಯನ್ನು ಎದೆಗವುಚಿಕೊಂಡು, ಬಲದ ಭುಜವನ್ನು ಕಬ್ಬಿಣದ ಕಂಬಿಗೆ ಕೊಟ್ಟು ಕುಳಿತಿದ್ದರು. ಪೆಟ್ಟೆಲ್ಲ ಬಲಭುಜಕ್ಕೆ. ಅವರು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿದ್ದಿತು.

ಅಂದು ಬಾಡಿಗೆಯ ಕಾರಿನಲ್ಲಿ ಅವರನ್ನು ಕಳುಹಿಸಿ, ಜೀಪನ್ನು ಮೆಲ್ಲಗೆ ನಡೆಸಿಕೊಂಡು ಸಾಹೇಬರ ಷೆಡ್ಡಿಗೆ ಹೋದೆವು. ಇವರು ಅಣ್ಣನವರ ಕಾಲದಿಂದ ಆ ಗಾಡಿಯನ್ನು ಬಲ್ಲ ಮೆಕ್ಯಾನಿಕ್ಕು, ನನಗಿಂತ ಹಿರಿಯರು. ಷಾಕಲ್ಲುಗಳನ್ನು ಒಂದು ಸಲ ನೋಡಿ, "ಮೇಷ್ಟ್ರೇ, ನಾಲ್ಕಂಗುಲಕ್ಕೆ ದುಡ್ಡು ಕೊಟ್ಟಿರಾ?" ಎಂದರು. ಹೌದೆಂದೆನು. "ಎರಡೇ ಬಂದಿದೆ" ಎಂದು ಅಳತೆಪಟ್ಟಿಯನ್ನು ಹಿಡಿದು ತೋರಿಸಿದರು. ಬೆಂಚಿನ ಒಂದು ತುದಿಯನ್ನು ನಾಲ್ಕಂಗುಲ ಎತ್ತಿದರೆ ನಡುವೆ ಕುಳಿತವನು ಎಷ್ಟು ಏರುತ್ತಾನೆ? ಕಮಾನಿನ ನಡುವೆ ಕುಳಿತಿರುವುದು ಅಚ್ಚು. ಎತ್ತಿದುದು ಕಮಾನಿನ ಒಂದೇ ತುದಿಯನ್ನು. ಇದನ್ನು ತಿಳಿಯಲು ಯಂತ್ರಶಾಸ್ತ್ರ ಬೇಕಾಗಿರಲಿಲ್ಲ.

ಗಾಡಿ ಅಡ್ಡಾಡಿದುದಕ್ಕೂ ಕಾರಣ ಅಲ್ಲಿಯೇ ಇದ್ದಿತು. ಅವರು ಗೋಡೆಗೊರಗಿದ್ದ ಬೈಸಿಕಲ್ಲನ್ನು ತೋರಿಸಿದರು. ಅದರ ಮುಂದಿನ ಕವಲು ನೆಟ್ಟಗೆ ನಿಂತಿರದೆ ಮೇಲ್ತುದಿ ಸವಾರನ ಕಡೆಗೆ ವಾಲಿರುತ್ತದೆ. ಆ ವಾಲುವಿಕೆಯಿಂದಲೇ ಚಕ್ರವು ತಿರುಗಿದ ಮೇಲೆ ತಾನಾಗಿ ನೆಟ್ಟಗಾಗುವುದು. ಜೀಪಿನ ಮುಂಚಕ್ರಗಳ ಕೀಲಿಗೂ ಅಂಥ ವಾಲು ಉಂಟು. ನಮ್ಮ ಜೀಪಿನಲ್ಲಿ ಷಾಕಲ್ಲು ಇರುವುದು ಕಮಾನಿನ ಮುಂದಿನ ತುದಿಗೆ. ಅದನ್ನು ಉದ್ದಮಾಡಿದುದರಿಂದ ಕಮಾನಿನ ಮೂತಿ ಕೆಳಗಾಗಿ, ಅಚ್ಚು ಮುಂದಕ್ಕೆ ಮಗುಚಿ, ಆ ವಾಲು ಅಳಿಸಿಹೋಗಿದ್ದಿತು. ಅಚ್ಚಿಗೂ ಕಮಾನಿಗೂ ನಡುವೆ ಓರೆಯಾದ ಬೆಣೆಯನ್ನಿಟ್ಟು ಅದನ್ನು ಸರಿಪಡಿಸುವ ಉಪಾಯವೂ ಇದೆಯಂತೆ. ಆದರೆ ಅಷ್ಟಕ್ಕೆ ನಿಲ್ಲುವುದಿಲ್ಲ. ಎಂಜಿನ್ನಿನ ಬಲವನ್ನು ಅಚ್ಚಿಗೆ ಒಯ್ಯುವ ಪ್ರೊಪೆಲ್ಲರ್ ಷಾಫ್ಟಿನ ಕೋನ, ಬ್ರೇಕಿನ ಕೊಳವೆಯ ಉದ್ದ, ಷಾಕ್ ಅಬ್ಸಾರ್ಬರಿನ ಅಳತೆ ಒಂದೊಂದೂ ತನ್ನ ಪಾಲನ್ನು ಕೇಳುತ್ತದೆ. ಸಮಾಸದಲ್ಲಿ ಒಂದು ಪದವನ್ನು ಬದಲಿಸಿದರೆ ವಿಗ್ರಹವಾಕ್ಯವೇ ಬೇರೆಯಾಗುವುದಷ್ಟೆ, ಹಾಗೆ.

ಅನಂತರ ಅವರು ಕೇಳಿದ ಪ್ರಶ್ನೆಗೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ. "ಬಂಡೆಗೆ ತಗುಲಿದ್ದು ಯಾವ ಜಾಗ?" ನನಗೆ ಬಗ್ಗಿ ನೋಡಲು ಮಂಡಿ ಒಪ್ಪುವುದಿಲ್ಲ. ಸಾಹೇಬರು ಮುಖ ನೋಡುವ ಕನ್ನಡಿಯೊಂದನ್ನು ತಂದು ಜೀಪಿನ ಕೆಳಗೆ ಸರಿಸಿ ಬೆಳಕು ಬಿಟ್ಟರು. ನಮ್ಮ ಘಾಟಿಯಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾದ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾದ ನರಸಿಂಹನೂ ಇದ್ದು, ಹಿಂದಿನ ಮೂರ್ತಿಯನ್ನು ಕನ್ನಡಿಯಲ್ಲಿ ದರ್ಶನ ಮಾಡುವುದು ಎಲ್ಲರಿಗೂ ತಿಳಿದುದೇ. ಹುಟ್ಟಿದಂದಿನಿಂದ ಆ ಕನ್ನಡಿಯನ್ನು ನೋಡಿದವನಿಗೆ ಈ ಬುದ್ಧಿ ಹೊಳೆಯಲಿಲ್ಲ.

ಕನ್ನಡಿಯಲ್ಲಿ ಎರಡು ಬಗೆಯ ಗಾಯಗಳು ಕಂಡುವು. ಅಚ್ಚಿನ ನಡುವೆ ಹಲ್ಲುಚಕ್ರಗಳನ್ನು ಅಡಗಿಸಿಕೊಂಡ ಡಿಫರೆನ್ಷಿಯಲ್ ಎಂಬ ಗುಂಡನೆಯ ಪೆಟ್ಟಿಗೆಯಿದೆ; ಅದರ ತಳ ಬಂಡೆಗೆ ಉಜ್ಜಿ ಬೆಳ್ಳಗಾಗಿದ್ದಿತು. ಕಮಾನನ್ನು ಎಷ್ಟು ಎತ್ತರಿಸಿದರೂ ಈ ಪೆಟ್ಟಿಗೆ ಒಂದು ನೂಲಿನಷ್ಟೂ ಏರದು. ಅದು ಚಕ್ರಗಳ ಜೊತೆಗಿದೆ, ಕಮಾನಿನ ಕೆಳಗಿದೆ. ಚಕ್ರದ ವ್ಯಾಸ ಎರಡಂಗುಲ ಹೆಚ್ಚಿದರೆ ಅದು ಒಂದಂಗುಲ ಏರುತ್ತದೆ, ಬೇರೆ ದಾರಿಯಿಲ್ಲ. ಎತ್ತಿನ ಗಾಡಿಯ ಚಕ್ರವನ್ನು ನಮ್ಮ ಹಿರಿಯರು ಎದೆಮಟ್ಟದವರೆಗೆ ದೊಡ್ಡದಾಗಿ ಮಾಡಿದುದು ಇರುಸು ಕಲ್ಲಿಗೆ ತಾಗದಿರಲೆಂದೂ ಇರಬೇಕು. ಎರಡನೆಯ ಗಾಯ ಚೌಕಟ್ಟಿನ ಅಡ್ಡಪಟ್ಟಿಯ ಮೇಲಿದ್ದಿತು. ಅಚ್ಚು ಚೌಕಟ್ಟಿಗೆ ಬಡಿಯದಂತೆ ತಡೆಯುವ ರಬ್ಬರಿನ ಗುಂಡಿಗಳು ಅಪ್ಪಚ್ಚಿಯಾಗಿದ್ದುವು. "ಕಮಾನು ಸತ್ತಿದೆ, ಮೇಷ್ಟ್ರೇ. ಗಾಡಿ ಗಿಡ್ಡವಲ್ಲ, ಕುಸಿದಿದೆ" ಎಂದರು ಸಾಹೇಬರು. ಹುಟ್ಟಿದಾಗ ಬಿಲ್ಲಿನಂತೆ ಬಾಗಿದ್ದ ಪಟ್ಟಿಗಳು ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾಗಿದ್ದುವು. ಟೈರುಗಳೂ ಕಂಪೆನಿಯ ಅಳತೆಯವಲ್ಲ. ಹಣ ಉಳಿಸಲೆಂದು ಅಣ್ಣನವರು ಎಂದೋ ಸಣ್ಣವನ್ನು ಹಾಕಿಸಿದ್ದರಂತೆ. ನಾನು ಅಣ್ಣನ ತಮ್ಮನೇ ಸರಿ.

ಹುಡುಗನಿಗೆ ಆದರೂ ನಾಲ್ಕಂಗುಲದ ಆಸೆ ಬಿಟ್ಟಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡಿದ ಗಣಿತದ ಮೇಷ್ಟರೊಬ್ಬರು ಅವನಿಗೆ ಲೆಕ್ಕ ಹಾಕಿ ತೋರಿಸಿದರು. ಎಡಬಲ ಚಕ್ರಗಳ ನಡುವಣ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಬೇಕು. ಬಂದ ಸಂಖ್ಯೆ ಸಣ್ಣದಾದಷ್ಟೂ ಗಾಡಿ ಬೇಗ ಮಗುಚುತ್ತದೆ. ಅರ್ಧ ಅಗಲ 26 ಅಂಗುಲ, ಎತ್ತರವೂ 26 ಎಂದಿಟ್ಟುಕೊಂಡರೆ ಬರುವುದು 1. ಎತ್ತರವನ್ನು 30 ಮಾಡಿದರೆ 0.87. ಹುಲ್ಲು ಹೇರಿದ ಗಾಡಿ ಕಲ್ಲು ಹೇರಿದ ಗಾಡಿಗಿಂತ ಬೇಗ ಉರುಳುವುದನ್ನು ಕಂಡ ರೈತನಿಗೆ ಈ ಭಾಗಾಕಾರ ಬೇಡ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ ಕಂಪೆನಿಯವರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿ ಅಂಥ ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡವನ್ನೋ, ಆರು ತಿಂಗಳವರೆಗಿನ ಸೆರೆಯನ್ನೋ, ಎರಡನ್ನೂ ಒಟ್ಟಿಗೋ ವಿಧಿಸಬಹುದೆಂದಿತು. ಹದಿನೈದು ವರ್ಷ ಮೀರಿದ ನಮ್ಮ ಜೀಪು ಐದು ವರ್ಷಕ್ಕೊಮ್ಮೆ ಅಧಿಕಾರಿಗಳ ಮುಂದೆ ನಿಂತು ನೋಂದಣಿಯನ್ನು ನವೀಕರಿಸಿಕೊಳ್ಳಬೇಕಾದುದು. ಅತ್ತಿಗೆಯ ಮಂಗಳವಾರ ಶುಕ್ರವಾರಗಳು ಆ ಕಾಗದವನ್ನು ನಂಬಿಕೊಂಡಿವೆ.

ಆದುದರಿಂದ ಕೊನೆಗೆ ಆರಿಸಿದುದು ಇಷ್ಟು: ಕಂಪೆನಿಯ ಅಳತೆಯ ಹೊಸ ಕಮಾನುಗಳು, ಹಳೆಯ ಉದ್ದದ ಷಾಕಲ್ಲುಗಳು, ಹೊಸ ರಬ್ಬರು ಗುಂಡಿಗಳು, ಅದೇ ಅಳತೆಯ ಷಾಕ್ ಅಬ್ಸಾರ್ಬರುಗಳು, ಕಂಪೆನಿಯವರು ಹೇಳಿದ ಅಳತೆಯ ಟೈರುಗಳು. ಕೆಲಸಕ್ಕೆ ಮೊದಲು ಸಾಹೇಬರು ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕಟ್ಟಿನ ಎತ್ತರವನ್ನು ಗುರುತು ಹಾಕಿದ್ದರು. ಮುಗಿದ ಮೇಲೆ ಅಳೆದರೆ, ಕುಸಿದಿದ್ದ ಮೊದಲಿನ ಸ್ಥಿತಿಗಿಂತ ಮೂರಂಗುಲಕ್ಕೆ ಎರಡು ನೂಲು ಕಡಮೆ. ಖರ್ಚು ನಾನು ಮೊದಲು ಉಳಿಸಹೊರಟಿದ್ದ ಎರಡು ತಿಂಗಳ ಪಿಂಚಣಿಯನ್ನು ಮೀರಿತು. ಡಿಫರೆನ್ಷಿಯಲ್ಲಿಗೆ ತಗುಲುತ್ತಿದ್ದ ಬಂಡೆಗಳು ಎಣಿಸಿದರೆ ಐದೇ. ಇಬ್ಬರು ಆಳುಗಳು ಹಾರೆಗಳಿಂದ ಒಂದೇ ದಿನದಲ್ಲಿ ನಾಲ್ಕನ್ನು ಉರುಳಿಸಿದರು, ಐದನೆಯದು ಅಲುಗಲಿಲ್ಲ. ಅದರ ಎರಡು ಪಕ್ಕಕ್ಕೂ ಕಲ್ಲು ಮಣ್ಣು ತುಂಬಿ ಚಕ್ರಗಳು ಅದರ ಮೇಲೆ ಹಾದುಹೋಗುವಂತೆ ಮಾಡಿದೆವು.

ಮುಂದಿನ ಶುಕ್ರವಾರ ಅತ್ತಿಗೆಯವರು ಜೀಪಿನ ಬಳಿಗೆ ಬಂದು ಮೆಟ್ಟಿಲನ್ನು ನೋಡಿದರು. ಅದು ಹಿಂದಿನ ಸಲಕ್ಕಿಂತ ತಗ್ಗಾಗಿರಲಿಲ್ಲವೆಂಬುದು ನನಗೆ ಆಗಲೇ ಹೊಳೆದುದು. ಅಳೆದುದೆಲ್ಲ ನೆಲದಿಂದ ಗಾಡಿಗೆ. ನೆಲದಿಂದ ಅವರ ಕಾಲಿಗೆ ಯಾರೂ ಅಳೆದಿರಲಿಲ್ಲ. ಅವರು ಒಳಕ್ಕೆ ನೋಡಿ ಸೊಸೆಯನ್ನು ಕೂಗಿ ಊಟದ ಮಣೆಯೊಂದನ್ನು ತರಿಸಿ ನೆಲದ ಮೇಲೆ ಹಾಕಿಸಿದರು; ಬಲಗೈಯಿಂದ ಕಂಬಿಯನ್ನು ಹಿಡಿದು, ಮಣೆಯ ಮೇಲೊಂದು ಕಾಲಿಟ್ಟು ಹತ್ತಿ ಕುಳಿತರು. "ಮಣೆಯನ್ನೂ ಒಳಗಿಡಪ್ಪ, ಇಳಿಯುವಾಗ ಬೇಕು" ಎಂದರು. ಇಟ್ಟುಕೊಂಡು ಹೊರಟೆವು.