ಮುಸುಕು ಹೊದ್ದ ಜೋಳ

ಬಯಲುಸೀಮೆಯವರಿಗೆ ಜೋಳವೆಂದರೆ ರೊಟ್ಟಿ. ಹೊರನಾಡು ಊರಿನ ನಮಗೆ ಹಿತ್ತಲಲ್ಲಿ ಬಸಳೆ ಚಪ್ಪರದ ಪಕ್ಕ ನಿಲ್ಲುವ ಮುಸುಕಿನ ಜೋಳವೇ ಜೋಳ. ದಾವಣಗೆರೆ ಕಡೆ ಮೆಕ್ಕೆಜೋಳ, ಧಾರವಾಡದಲ್ಲಿ ಗೋವಿನಜೋಳ. ನನಗೆ ಮುಸುಕಿನದೇ ಚಂದ. ಸಿಪ್ಪೆ ಸರಿಸಿ ಮುಖ ನೋಡುವ ಸುಖ ಆ ಹೆಸರಲ್ಲೇ ಇದೆ.

ಮೊದಲ ವರ್ಷ ಬೇಲಿಯುದ್ದಕ್ಕೆ ಒಂದೇ ಸಾಲು ಹಾಕಿದ್ದೆ. ಗಿಡ ಆಳೆತ್ತರ ಬಂತು. ತೆನೆ ಬಿಡಿಸಿದರೆ ಅಲ್ಲೊಂದು ಇಲ್ಲೊಂದು ಕಾಳು. ಆಚೆಮನೆ ಅಕ್ಕ ಬಂದು ನೋಡಿ, "ಒಂದೇ ಸಾಲಿಗೆ ಕಾಳು ಕಟ್ಟುದಿಲ್ಲ ಮಾರಾಯ್ರೇ, ಗುಂಪಾಗಿ ಹಾಕಿ" ಅಂದರು. ಅವರ ಮಾತೇ ಸರಿ. ತೆನೆಯ ತುದಿಯಲ್ಲಿ ಜೋತುಬೀಳುವ ರೇಷ್ಮೆ ಎಳೆಗಳಿವೆಯಲ್ಲ, ಒಂದೊಂದು ಎಳೆ ಒಂದೊಂದು ಕಾಳಿನದು. ಗಿಡದ ನೆತ್ತಿಯ ಗಂಡುಹೂವಿನಿಂದ ಪರಾಗ ಗಾಳಿಯಲ್ಲಿ ಬಂದು ಕೂತ ಎಳೆಗೆ ಮಾತ್ರ ಕಾಳು. ಒಂಟಿ ಸಾಲಿನ ಪರಾಗವನ್ನು ಗಾಳಿ ಆಚೆ ತೋಟಕ್ಕೆ ಒಯ್ದುಬಿಡುತ್ತದೆ. ಈಗ ಚೌಕವಾಗಿ ನಾಲ್ಕೈದು ಸಾಲು ಹಾಕುತ್ತೇನೆ.

ನಮ್ಮಲ್ಲಿ ಗಾಳಿಗಿಂತ ಮಳೆಯ ಲೆಕ್ಕ ದೊಡ್ಡದು. ಜಡಿಮಳೆ ಹಿಡಿದ ಮೇಲೆ ಹೂ ಬಂದರೆ ಪರಾಗವೆಲ್ಲ ನೆಂದು ಮುದ್ದೆ. ಹಾಗಾಗಿ ಕಾಫಿಗೆ ಹೂಮಳೆ ಬಿದ್ದ ವಾರದಲ್ಲೇ ಬೀಜ ಊರಿಬಿಡುತ್ತೇನೆ. ಆಗ ಮೇ ಕೊನೆಗೆ ಹೂ, ಮೃಗಶಿರಾ ಮಳೆಗೆ ಹಾಲುಗಾಳು.

ಬೆಳಿಗ್ಗೆ ಎದ್ದವಳು ಮೊದಲು ನೋಡುವುದು ಸುಳಿಯನ್ನು. ಅದರೊಳಗೆ ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಸೈನಿಕ ಹುಳು ಸೇರಿದೆ ಎಂದೇ ಅರ್ಥ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ನಾಲ್ಕು ಬುಡದ ಹಿತ್ತಲಿಗೆ ಔಷಧಿ ಹೊಡೆಯಲು ಮನಸ್ಸು ಬಾರದು. ಕೈಯಲ್ಲೇ ಹೆಕ್ಕುತ್ತೇನೆ. ಮಂಗಗಳಿಗೆ ಮಾತ್ರ ಕಾವಲು ಕೂರಲೇಬೇಕು.

ಜೋಳವೂ ಆ ಖಂಡದ್ದೇ, ಮೆಕ್ಸಿಕೋದ ಕೂಸು. ಆದರೆ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಇರುವುದು ಜೋಳದ ತೆನೆಯೇ, ಕೊಲಂಬಸನಿಗಿಂತ ಮೊದಲೇ ಅದು ಇಲ್ಲಿತ್ತು ಎಂದು 1989ರಲ್ಲಿ ಸಂಶೋಧಕರಾದ ಜೋಹಾನೆಸ್ಸೆನ್ ಮತ್ತು ಪಾರ್ಕರ್ ಬರೆದರು. 1993ರಲ್ಲಿ ಪಾಯಕ್ ಮತ್ತು ಸಚಾನ್ ಅದು ಜೋಳವಲ್ಲ, ಮುತ್ತು ತುಂಬಿದ ಮುಕ್ತಾಫಲ ಎಂದರು. ಬೇಲೂರು, ಹಳೇಬೀಡಿಗೆ ಹೋದಾಗಲೆಲ್ಲ ಆ ಕೈಗಳ ಮುಂದೆ ನಿಲ್ಲುತ್ತೇನೆ. ನನಗೆ ಮುಕ್ತಾಫಲವೇ ಸರಿ ಕಾಣುತ್ತದೆ. ಮುತ್ತು ಕೊರೆಯುವುದರಲ್ಲಿ ಹೊಯ್ಸಳರ ಕೈ ಎಷ್ಟು ಪಳಗಿತ್ತೆಂದು ನೋಡಿದವರಿಗೆ ಗೊತ್ತು.

ಮೊನ್ನೆ ಮೊದಲ ತೆನೆ ಅನ್ನಪೂರ್ಣೇಶ್ವರಿಗೆ ಮುಟ್ಟಿತು. ಎರಡನೆಯದನ್ನು ಬಚ್ಚಲ ಒಲೆಯ ಕೆಂಡದಲ್ಲಿ ಮುಸುಕು ಸಮೇತ ಹೂತಿಟ್ಟೆ. ಹೊರಗೆ ಮಳೆ. ಸಿಪ್ಪೆ ಕರಿದಾಗಿ, ಒಳಗಿನ ಕಾಳು ತನ್ನ ಹಬೆಯಲ್ಲೇ ಬೆಂದು, ಹಾಲಿನ ವಾಸನೆ ಬಚ್ಚಲೆಲ್ಲ ತುಂಬಿತು. ಮೊಮ್ಮಗಳು ತೆನೆಯ ಸಾಲು ಎಣಿಸಿ, "13 ಅಜ್ಜಿ" ಅಂದಳು.

"ಜೋಳದಲ್ಲಿ ಬೆಸ ಸಾಲು ಇರುದಿಲ್ಲ ಪುಟ್ಟಿ, ಇನ್ನೊಮ್ಮೆ ಎಣಿಸು."

ಉಪ್ಪುಖಾರದ ಬೆರಳಲ್ಲೇ ಮತ್ತೆ ಎಣಿಸಿದಳು. 14.