ಗುಂಜಹಳ್ಳಿಯಲ್ಲಿ ಒಂದು ಭಾರಪರೀಕ್ಷೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವೆ ಹಾಸಿಕೊಂಡಿರುವ ನೆಲವನ್ನು ನಮ್ಮ ಪೂರ್ವಿಕರು ಎಡೆದೊರೆ ನಾಡೆಂದು ಕರೆದರು. ಈ ನೆಲಕ್ಕಾಗಿ ಅರಸರು ಎಷ್ಟು ಸಲ ಕಾದಿದರೆಂಬುದನ್ನು ಚರಿತ್ರೆಯನ್ನೋದಿದ ವಾಚಕರು ಬಲ್ಲರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರಿನ ಕೋಟೆಯನ್ನು ಕೈವಶಮಾಡಿಕೊಂಡುದು ಇಲ್ಲಿಯೇ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಾದಿಯೂ ಮದರಾಸಿನ ಕಡೆಯಿಂದ ಬಂದ ರೈಲುಹಾದಿಯೂ ಒಂದನ್ನೊಂದು ಕೂಡಿದುದೂ ಇಲ್ಲಿಯೇ. ಬಹುಕಾಲ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯು 1956ರಲ್ಲಿ ಮೈಸೂರು ರಾಜ್ಯದೊಡನೆ ಒಂದಾಯಿತು.

ಇಷ್ಟೆಲ್ಲ ಕಂಡ ನೆಲವಾದರೂ ಒಂದು ವಿಷಯದಲ್ಲಿ ಮಾತ್ರ ಅದು ತನ್ನ ಹಟವನ್ನು ಬಿಟ್ಟಿಲ್ಲ. ಅದು ಬಂಡಿಯ ಗಾಲಿಗೆ ಎಂದಿಗೂ ಸ್ನೇಹಿತನಾಗಲೊಲ್ಲದು. ಎರೆಯ ಮಣ್ಣು ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವುದು. ಮಳೆ ಬಿದ್ದೊಡನೆ ಗಾಲಿಗೆ ಹಿಟ್ಟಿನ ಮುದ್ದೆಯಂತೆ ಮೆತ್ತಿಕೊಳ್ಳುವುದು. ಒಣಗಿದ ಮೇಲೆ, ಮಳೆಗಾಲದಲ್ಲಿ ಹೋದ ಪ್ರತಿಯೊಂದು ಬಂಡಿಯ ಜಾಡನ್ನೂ ಕಲ್ಲಿನಂತೆ ಕಾದಿಟ್ಟುಕೊಳ್ಳುವುದು. ಡಾಂಬರು ರಸ್ತೆಯನ್ನು ಬಿಟ್ಟು ಹೊಲದ ದಾರಿಗೆ ಇಳಿದವರಿಗೆ ಈ ಮಾತಿನ ಅರ್ಥವನ್ನು ಸೊಂಟವೇ ತಿಳಿಸಿಕೊಡುವುದು.

ರಾಯಚೂರಿನ ಕೋಟೆಯನ್ನು ನೋಡದೆ ಮುಂದಕ್ಕೆ ಹೋಗಲು ನಮಗೆ ಮನಸ್ಸು ಬರಲಿಲ್ಲ. ಅಲ್ಲಿನ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲುಂಟು. ಅದರ ಮೇಲೆ ಕಾಕತೀಯರ ಕಾಲದ, 1294ನೆಯ ಇಸವಿಯ ತೆಲುಗು ಶಾಸನವಿದೆ. ಶಾಸನಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದುದು ಅದರೊಡನಿರುವ ಚಿತ್ರ. ಆ ಮಹಾಶಿಲೆಯನ್ನು ಗಣಿಯಿಂದ ಕೋಟೆಗೆ ತಂದ ಬಗೆಯನ್ನು ಅಲ್ಲಿ ಕೆತ್ತಿದ್ದಾರೆ: ಅರೆಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಉದ್ದಕ್ಕೆ ಹೂಡಿದ ಕೋಣಗಳ ಸಾಲು. ಬಂಡಿಯು ನೆಲಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದನ್ನು ಗಮನಿಸಬೇಕು. ಭಾರವಾದುದನ್ನು ತಗ್ಗಿನಲ್ಲಿ ಹೊರಿಸಬೇಕೆಂಬ ತಿಳಿವಳಿಕೆ ಆ ಕುಶಲಿಗಳಿಗೆ ಇದ್ದಿತು. ನಮ್ಮ ಕಾಲದವರಾದರೋ ಭಾರವನ್ನೆಲ್ಲ ಗಾಡಿಯ ನೆತ್ತಿಯ ಮೇಲೆ ಹೇರುವೆವು.

ಗುಂಜಹಳ್ಳಿಯಲ್ಲಿ ನಾವು ಇಳಿದುಕೊಂಡ ಮನೆ ಒಕ್ಕಲುತನದವರದು. ಮನೆಯ ಯಜಮಾನರು ಒಂದು ಹಳೆಯ ಜೀಪುಗಾಡಿಯನ್ನು ಕೊಂಡಿದ್ದರು. ಜೀಪು ಎಂಬ ಹೆಸರು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಿಂದ ಹರಡಿದುದು. ನಮ್ಮ ದೇಶದಲ್ಲಿ 1947ರಲ್ಲಿ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಅದು ಹಳ್ಳಿಹಳ್ಳಿಯ ಮಾತಾಯಿತು. ನಾಲ್ಕು ಗಾಲಿಗಳಿಗೂ ಯಂತ್ರದ ಬಲವಿರುವ, ಲೋಹದ ಮಾಡುಳ್ಳ ಗಾಡಿ ಇದು. ಅದರ ಮೇಲೆ ಪಟ್ಟಣದ ಬೆಸುಗೆಗಾರನೊಬ್ಬನಿಂದ ಹೊಸದಾಗಿ ಕಬ್ಬಿಣದ ಕ್ಯಾರಿಯರು ಮಾಡಿಸಿದ್ದರು. ಮರುದಿನ ಬೆಳಗಿಗೆ ಮನೆಯವರೆಲ್ಲರೂ ನೆಂಟರ ಊರಿಗೆ ಮದುವೆಗೆ ಹೋಗತಕ್ಕವರು. ಅಡಿಗೆಯ ಕೊಪ್ಪರಿಗೆ, ಹಂಡೆ, ಅಕ್ಕಿಯ ಚೀಲ, ಹಾಸಿಗೆಯ ಸುರುಳಿ, ಎಲ್ಲವೂ ಮೇಲೆ. ಅಜ್ಜಿ, ಸೊಸೆಯರು, ಮಕ್ಕಳು ಕೆಳಗೆ. ಮಿಕ್ಕ ಹುಡುಗರು ಸಾಮಾನಿನ ಮೇಲೆ: ಇದು ಅವರ ಏರ್ಪಾಡು.

“ಎಷ್ಟು ಭಾರ ಹೊರುವುದು?” ಎಂದು ನಾವು ಕೇಳಲು ಯಜಮಾನರ ತಮ್ಮನು ನಕ್ಕು, “ಆನೀನ ಕುಂದ್ರಸ್ರಿ, ಏನೂ ಆಗಂಗಿಲ್ಲ ಅಂತ ಮಾಡಿದಾವ ಹೇಳ್ಯಾನ್ರಿ” ಎಂದನು. ಹತ್ತಿಯ ಅರಳೆಯನ್ನು ಬಿಡಿಸುತ್ತ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಯು ತಲೆಯೆತ್ತದೆಯೇ, “ಆನಿ ಮಾತು ಬ್ಯಾಡಪಾ. ಕೂಸುಗಳ ತಲಿ ಮ್ಯಾಲೆ ಏನೂ ಬೀಳದಂಗ ನೋಡ್ರಿ, ಅಷ್ಟ ಸಾಕು” ಎಂದರು. ಆ ಮಾತಿನಿಂದಲೇ ಪರೀಕ್ಷೆ ನಡೆಯಬೇಕೆಂದು ನಿಶ್ಚಯವಾಯಿತು.

ಮೊದಲು ಗಾಡಿಯೊಡನೆ ಬಂದ ಪುಸ್ತಕವನ್ನು ತೆರೆಸಿದೆವು. ಮಾಡಿನ ಮೇಲೆ 100 ಕಿಲೋಗ್ರಾಂ ಮೀರಬಾರದೆಂದು ಅದರಲ್ಲಿತ್ತು. ಗೃಹಸ್ಥರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇಂಥ ಅಂಕೆಯಲ್ಲಿ ಸಾಮಾನ್ಯವಾಗಿ ಕ್ಯಾರಿಯರಿನ ಸ್ವಂತ ತೂಕವೂ ಸೇರಿರುವುದು. ಹತ್ತಿಯನ್ನು ತೂಗುವ ಕಾಟಾಕ್ಕೆ ಕ್ಯಾರಿಯರನ್ನು ತೂಗುಹಾಕಿ ನೋಡಲು ಅದೇ 35 ಕಿಲೋ ಆಯಿತು. ಅಂದ ಮೇಲೆ ಸಾಮಾನಿಗೆ ಉಳಿದುದು 65 ಕಿಲೋ ಮಾತ್ರ. ಅದೂ ಒಳ್ಳೆಯ ರಸ್ತೆಯಲ್ಲಿ. ಹೊಲದ ದಾರಿಗೆ ಇನ್ನೂ ಕಡಿಮೆಮಾಡಬೇಕು. ನಿಂತ ಗಾಡಿಯು ಇದಕ್ಕಿಂತ ಬಹಳ ಹೆಚ್ಚು ಹೊರಬಲ್ಲುದು. ಆದಕಾರಣ ಅಂಗಳದಲ್ಲಿ ನಾಲ್ವರು ಹತ್ತಿ ಕುಣಿದು “ಗಟ್ಟಿಯಾಗಿದೆ” ಎನ್ನುವುದರಿಂದ ಏನೂ ತಿಳಿಯದು. ಗಾಲಿಯು ಗುಂಡಿಗೆ ಇಳಿದು ಮೇಲಕ್ಕೆ ಪುಟಿದಾಗ ಅದೇ ಮೂಟೆ ಕ್ಷಣಮಾತ್ರ ಇಮ್ಮಡಿ ತೂಗುವುದುಂಟು.

ಕ್ಯಾರಿಯರನ್ನು ಮತ್ತೆ ಏರಿಸಿ ಬಿಗಿದ ಮೇಲೆ, ಅದರ ನಡುವಣ ಅಡ್ಡಪಟ್ಟಿಗೂ ಮಾಡಿಗೂ ಇರುವ ಸಂದನ್ನು ಅಳೆದೆವು; 95 ಮಿಲಿಮೀಟರ್ ಇದ್ದಿತು. ತಲಾ 25 ಕಿಲೋ ಬರುವಂತೆ ಜೋಳವನ್ನು ತೂಗಿ ಎಂಟು ಚೀಲಗಳನ್ನು ಕಟ್ಟಿಸಿ ಒಂದೊಂದಾಗಿ ಏರಿಸಿದೆವು. ಚೀಲಗಳನ್ನು ನಡುವೆ ಒಟ್ಟದೆ ಹರಡಿ ಇರಿಸಬೇಕು. ಎಂಟೂ ಏರಿದಾಗ ಸಂದು 87 ಆಯಿತು. ಎರಡು ಗಂಟೆಗಳ ಕಾಲ ಹಾಗೆಯೇ ಬಿಟ್ಟು, ಎಲ್ಲವನ್ನೂ ಇಳಿಸಿ ಅಳೆದರೆ 94. ಹೋದ ಒಂದು ಮಿಲಿಮೀಟರ್ ಎಲ್ಲಿ ಹೋಯಿತು? ಕಬ್ಬಿಣವು ಬಗ್ಗಿದ್ದರೆ ಅದು ಕೆಟ್ಟ ಸೂಚನೆ; ಕಾಲುಗಳ ಕೆಳಗಿನ ರಬ್ಬರು ಅದುಮಿಕೊಂಡಿದ್ದರೆ ಚಿಂತೆಯಿಲ್ಲ. ಚೀಲಗಳನ್ನು ಮತ್ತೊಮ್ಮೆ ಏರಿಸಿ ಇಳಿಸಿದೆವು. ಸಂದು 94ಕ್ಕೇ ಮರಳಿತು. ಬಗ್ಗುತ್ತಲೇ ಹೋಗುವ ಕಬ್ಬಿಣವಾಗಿದ್ದರೆ ಇನ್ನೂ ತಗ್ಗುತ್ತಿದ್ದಿತು. ಹೊರುವ ವಿಷಯದಲ್ಲಿ ಬೆಸುಗೆಗಾರನ ಮಾತು ಸುಳ್ಳಲ್ಲವೆಂದಾಯಿತು. ಹುಡುಗರ ಮುಖ ಅರಳಿತು.

ಬೆಸುಗೆಯ ಮೂಲೆಗಳನ್ನು ಪರೀಕ್ಷಿಸಲು ಹಿಂದೆ ರೈಲ್ವೆಯ ಕಾರ್ಖಾನೆಗಳಲ್ಲಿ ಅಚ್ಚುಗಳಿಗೆ ಮಾಡುತ್ತಿದ್ದ ಎಣ್ಣೆ-ಸುಣ್ಣದ ಪದ್ಧತಿಯನ್ನು ಹಿಡಿದೆವು. ಅಡಿಗೆಮನೆಯ ಸೀಮೆಎಣ್ಣೆಯನ್ನು ಮೂಲೆಗಳಿಗೆ ಸವರಿ, ಕಾಲುಗಂಟೆ ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೀಡಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಸೇರಿದ ಎಣ್ಣೆಯು ಮೆಲ್ಲನೆ ಹೊರಕ್ಕೆ ಒಸರಿ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯಾಗಿ ತೋರುವುದು. ಶಾಲೆಗೆ ಹೋಗುವ ಮೊಮ್ಮಗಳು ತನ್ನ ಸೀಮೆಸುಣ್ಣವನ್ನು ಕೊಟ್ಟುದಲ್ಲದೆ, ಹಿಂದಿನ ಬಲಮೂಲೆಯಲ್ಲಿ ಅರ್ಧ ಅಂಗುಲದ ಗೆರೆಯೊಂದನ್ನು ನಮಗಿಂತ ಮೊದಲೇ ಕಂಡುಹಿಡಿದಳು. ಬಣ್ಣದ ಕೆಳಗೆ ಅಡಗಿದ್ದ ಆ ಬಿರುಕು ಹಗ್ಗವನ್ನು ಬಿಗಿಯುವ ಜಾಗದಲ್ಲಿಯೇ ಇದ್ದಿತು. ಆ ಮೂಲೆಗೆ ಹಗ್ಗ ಹಾಕಬಾರದೆಂದು ಒಂದು ಚಿಂದಿಯನ್ನು ಕಟ್ಟಿದೆವು.

ಕ್ಯಾರಿಯರಿನ ನಿಜವಾದ ಬಲವು ಕೊಳವೆಯಲ್ಲಿಲ್ಲ, ಅದರ ಕಾಲುಗಳಲ್ಲಿದೆ. ಮಾಡಿನ ಅಂಚಿನುದ್ದಕ್ಕೂ ಮಳೆಯ ನೀರು ಹರಿಯಲು ಒಂದು ಸಣ್ಣ ಕಾಲುವೆಯಿರುವುದು. ಕಾಲುಗಳು ಅದನ್ನು ಕಚ್ಚಿ ಹಿಡಿದಿರುವುವು. ಭಾರವು ಅಲ್ಲಿಂದ ಗಾಡಿಯ ಕಂಬಗಳಿಗೂ, ಕಂಬಗಳಿಂದ ಚೌಕಟ್ಟಿಗೂ ಇಳಿಯಬೇಕು. ಮೇಲಿನಿಂದ ಒತ್ತಿದರೆ ಕಾಲುಗಳು ಗಟ್ಟಿಯಾಗಿಯೇ ಕೂಡುವುವು. ಓಡುವ ಗಾಡಿಗೆ ಥಟ್ಟನೆ ಬ್ರೇಕು ಹಾಕಿದಾಗಲೋ? ಗಾಡಿ ನಿಲ್ಲುವುದು, ಮೇಲಿನ ಭಾರಕ್ಕೆ ನಿಲ್ಲಲು ಮನಸ್ಸಿರುವುದಿಲ್ಲ. ಒಳ್ಳೆಯ ರಸ್ತೆಯಲ್ಲಿ ಬಲವಾಗಿ ಬ್ರೇಕು ಹಾಕಿದರೆ ಆ ಭಾರವು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ತಳ್ಳಬಹುದು. ಮನೆಯವರ ಪಟ್ಟಿಯಂತೆ ಸಾಮಾನು ಸುಮಾರು 100 ಕಿಲೋ, ಕ್ಯಾರಿಯರು 35. ಒಟ್ಟು 135ಕ್ಕೆ ತಳ್ಳುವ ಬಲ 108 ಕಿಲೋ ತೂಕದಷ್ಟಾಯಿತು.

ಅಂಗಳದ ಬೇವಿನ ಮರವು ನಮಗೆ ಸಹಾಯಕ್ಕೆ ಬಂದಿತು. ಗಾಲಿಗಳಿಗೆ ಕಲ್ಲು ಕೊಟ್ಟು, ನಾಲ್ಕು ಚೀಲಗಳನ್ನು ಏರಿಸಿ ಕಟ್ಟಿ, ಪ್ರತಿಯೊಂದು ಕಾಲಿಗೂ ಅದು ಕಚ್ಚಿದ ಅಂಚಿಗೂ ಅಡ್ಡವಾಗಿ ಸುಣ್ಣದ ಗೆರೆಯನ್ನೆಳೆದೆವು. ಕ್ಯಾರಿಯರಿನ ಮುಂಭಾಗಕ್ಕೆ ಹಗ್ಗ, ಹಗ್ಗಕ್ಕೆ ಕಾಟಾ, ಕಾಟಾದಿಂದ ಮರಕ್ಕೆ ಇನ್ನೊಂದು ಹಗ್ಗ. ಆ ಹಗ್ಗದ ನಡುವೆ ಕೋಲನ್ನು ತೂರಿಸಿ ತಿರುಚುತ್ತ ಬಂದರೆ ಎಳೆತವು ಮೆಲ್ಲಮೆಲ್ಲನೆ ಏರುವುದು. ಹಗ್ಗದ ದಾರಿಯಲ್ಲಿ ಯಾರೂ ನಿಲ್ಲದಂತೆ ಮಕ್ಕಳನ್ನು ಜಗಲಿಗೆ ಕಳುಹಿಸಿದೆವು. ಮುಳ್ಳು 40 ದಾಟಿತು, 50 ದಾಟಿತು, 60 ದಾಟಿತು. 70ರ ಬಳಿಗೆ ಬಂದಾಗ ಒಂದು ಸಣ್ಣ ಕಿರುಗುಟ್ಟುವಿಕೆ; ಅಷ್ಟೆ. ಹತ್ತಿರ ಹೋಗಿ ನೋಡಿದರೆ ಮುಂದಿನ ಎಡಗಾಲಿನ ಸುಣ್ಣದ ಗೆರೆ ಎರಡು ತುಂಡಾಗಿ, ಒಂದು ಬೆರಳಿನ ಅಗಲದಷ್ಟು ಸರಿದಿದ್ದಿತು.

ಯಾರೂ ಮಾತನಾಡಲಿಲ್ಲ. ಬೇಕಾದುದು 108, ಇದ್ದುದು 70. ಇನ್ನೂರು ಕಿಲೋವನ್ನು ಹೊತ್ತು ಮಿಸುಕದ ಕ್ಯಾರಿಯರು ಒಂದು ನಾಯಿ ಅಡ್ಡಬಂದರೆ ಕೊಪ್ಪರಿಗೆಯ ಸಮೇತ ಚಾಲಕನ ಕಣ್ಣ ಮುಂದಕ್ಕೆ ಜಾರತಕ್ಕದ್ದಾಗಿದ್ದಿತು. ಬೋಲ್ಟುಗಳನ್ನು ಇನ್ನೂ ಬಿಗಿದರಾಯಿತೆಂದು ತಮ್ಮನು ಪಾನಾ ಹಿಡಿದನು; ಆದರೆ ಹೆಚ್ಚು ಬಿಗಿದಂತೆಲ್ಲ ತಗಡಿನ ಅಂಚೇ ಮಡಿಸತೊಡಗಿದುದರಿಂದ ಬಿಡಬೇಕಾಯಿತು. ಮುಂದಿನ ಎರಡು ಕಾಲುಗಳಿಗೆ ಅಗಲವಾದ ಹಿಡಿಪಟ್ಟಿಯನ್ನು ಮಾಡಿಸಿ, ಮುಂದಕ್ಕೆ ಸರಿಯದಂತೆ ತಡೆ ಕೊಡಿಸುವುದೇ ಇದಕ್ಕೆ ಪರಿಹಾರ. ಅದು ಪಟ್ಟಣದ ಕೆಲಸ, ಮದುವೆಯಾದರೋ ಮರುದಿನ.

ಹುಡುಗರು ಮೇಲೆ ಕುಳಿತುಕೊಳ್ಳುವ ಮಾತು ಇನ್ನೂ ಉಳಿದಿದ್ದಿತು. ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯ ಜನರು ಗಾಡಿಗಳ ಮೇಲೆ ಕಿಕ್ಕಿರಿದು ಹೋಗುವುದನ್ನು ಕಂಡೇ ಬೆಳೆದವರು ಅವರು; ನಿಷೇಧವು ಅವರಿಗೆ ಅನ್ಯಾಯವೆಂದೇ ತೋರಿತು. 1988ರ ಮೋಟಾರು ವಾಹನಗಳ ಕಾಯಿದೆಯ 123ನೆಯ ಕಲಮು ಗಾಡಿಯ ಮೇಲ್ಭಾಗದಲ್ಲಿ ಕುಳಿತು ಪ್ರಯಾಣಮಾಡಬಾರದೆಂದು ವಿಧಿಸಿದೆಯೆಂದರೆ ಹದಿನೆಂಟರ ಹುಡುಗನು ಕೇಳುವನೆ? ಆದುದರಿಂದ ಮೊಮ್ಮಗಳ ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಗಾಡಿಯ ತೂಕ 1500 ಕಿಲೋ, ಅದರ ಭಾರಕೇಂದ್ರವು ನೆಲದಿಂದ 70 ಸೆಂಟಿಮೀಟರ್ ಎತ್ತರ, ಎಡಬಲ ಗಾಲಿಗಳ ಅಂತರ 140 ಎಂದಿಟ್ಟುಕೊಳ್ಳೋಣ. ಅಂಥ ಗಾಡಿಯು ಅಲುಗಾಡದೆ ಒಂದು ಪಕ್ಕಕ್ಕೆ ವಾಲಿದರೆ 45 ಅಂಶದವರೆಗೆ ಉರುಳದು. ತಲಾ 60 ಕಿಲೋ ತೂಗುವ ಆರು ಮಂದಿ ಮೇಲೆ ಕುಳಿತರೆ ಅವರ ಭಾರವು ಸುಮಾರು 210 ಸೆಂಟಿಮೀಟರ್ ಎತ್ತರದಲ್ಲಿರುವುದು. ಆಗ ಒಟ್ಟು ಭಾರಕೇಂದ್ರವು 97ಕ್ಕೆ ಏರಿ, ಉರುಳುವ ಅಂಚು 36 ಅಂಶಕ್ಕೆ ಇಳಿಯುವುದು. ಇದು ನಿಂತ ಗಾಡಿಯ ಲೆಕ್ಕ. ಒಂದು ಗಾಲಿ ಬಂಡಿಯ ಜಾಡಿಗೆ ಇಳಿದು, ಸ್ಪ್ರಿಂಗು ಒಂದು ಕಡೆಗೆ ಕುಗ್ಗಿ, ಮೇಲಿನವರೆಲ್ಲ ಒಮ್ಮೆಗೇ ಅದೇ ಪಕ್ಕಕ್ಕೆ ಜೋಲಿದರೆ ಇಷ್ಟೂ ಉಳಿಯದು. ದೊಡ್ಡ ಹುಡುಗನು ಹಲಗೆಯನ್ನು ಎರಡು ಸಲ ನೋಡಿ, “ನಾವು ಬಸ್ಸಿಗೆ ಬರ್ತೀವ್ರಿ” ಎಂದನು. ಲೆಕ್ಕಕ್ಕೆ ಒಪ್ಪಿದನೋ ಅಜ್ಜಿಯ ನೋಟಕ್ಕೆ ಅಂಜಿದನೋ ಹೇಳಲಾರೆವು.

ಭಾರದ ಸಾಮಾನಿಗೆ ಯಜಮಾನರೇ ದಾರಿ ಹುಡುಕಿದರು. ಕೊಪ್ಪರಿಗೆ, ಹಂಡೆ, ಅಕ್ಕಿಯ ಚೀಲಗಳನ್ನು ಅಂದಿನ ಸಂಜೆಯೇ ಎತ್ತಿನ ಬಂಡಿಗೆ ಹೇರಿ, ಆಳೊಬ್ಬನನ್ನು ಜತೆಮಾಡಿ ಮುಂದಾಗಿ ಕಳುಹಿಸಿದರು. ಜೀಪಿನ ಮೇಲೆ ಉಳಿದುದು ಹಾಸಿಗೆ ಜಮಖಾನೆಗಳ ಸುರುಳಿ. ಕಾಟಾದಲ್ಲಿ 30 ಕಿಲೋ. ಕ್ಯಾರಿಯರು ಸೇರಿ 65. ಅದಕ್ಕೆ ಬ್ರೇಕಿನ ತಳ್ಳು 52. ಮೇಲಿನ ಭಾರ ಕಡಿಮೆಯಾದರೆ ಕಾಲುಗಳ ಹಿಡಿತವೂ ಕೊಂಚ ಸಡಿಲವಾಗುವ ಸಂಭವವುಂಟು. ಆದುದರಿಂದ ಕ್ಯಾರಿಯರನ್ನು ಮೊದಲಿನ ಜಾಗಕ್ಕೆ ಕೂಡಿಸಿ, ಸುರುಳಿಗಳನ್ನು ಕಟ್ಟಿ, ಹೊಸ ಗೆರೆಗಳನ್ನೆಳೆದು ಮತ್ತೊಮ್ಮೆ ಎಳೆದು ನೋಡಿದೆವು. 60ರವರೆಗೂ ಗೆರೆಗಳು ಕದಲಲಿಲ್ಲ, ಅಲ್ಲಿಗೇ ನಿಲ್ಲಿಸಿದೆವು. ಇಷ್ಟಾದರೂ ಅಜ್ಜಿಯ ಮಾತಿನಂತೆ ಕ್ಯಾರಿಯರಿನಿಂದ ಮುಂದಿನ ಬಂಪರಿಗೂ ಹಿಂದಿನ ಬಂಪರಿಗೂ ಬೇರೆ ಬೇರೆ ಹಗ್ಗಗಳನ್ನು ಬಿಗಿದರು. ಚಿಂದಿ ಕಟ್ಟಿದ ಮೂಲೆಯನ್ನು ಮಾತ್ರ ಮುಟ್ಟಲಿಲ್ಲ.

ಬೆಳಗಿನ ಜಾವ ಹೊರಟು, ಹೊಲದ ದಾರಿಯನ್ನು ಮುಗಿಸಿ ಡಾಂಬರನ್ನು ಸೇರುವಲ್ಲಿ ಗಾಡಿಯನ್ನು ನಿಲ್ಲಿಸಿದೆವು. ಹೊಸದಾಗಿ ಬಿಗಿದ ಯಾವುದನ್ನೇ ಆಗಲಿ ಮೊದಲಿನ ಕೆಲವು ಮೈಲಿಗಳಾದ ಮೇಲೆ ಒಮ್ಮೆ ನೋಡುವುದು ಅವಶ್ಯ. ಎರಡೂ ಕಡೆ ಜೋಳದ ಹೊಲಗಳು, ದೂರದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತಿದ್ದ ಬಂಡೆಗಳ ಗುಡ್ಡ, ಅದರ ಹಿಂದೆ ಬೆಳಕು. ಒಳಗೆ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗಿದ್ದರು. ಮೊಮ್ಮಗಳೊಬ್ಬಳು ಎಚ್ಚರವಾಗಿದ್ದು, ಕೆಳಗಿಳಿದು, ಗಾಡಿಯ ಸುತ್ತಲೂ ನಡೆದು ನಾಲ್ಕು ಗೆರೆಗಳನ್ನೂ ನೋಡಿಬಂದಳು. ಒಂದು ನಟ್ಟು ಕಾಲು ಸುತ್ತು ತಿರುಗಿದ್ದಿತು. ಯಜಮಾನರು ಅದನ್ನು ಬಿಗಿದು, ಪಾನಾವನ್ನು ಸೀಟಿನ ಕೆಳಗೆ ಇರಿಸಿದರು. ಮುಂದೆ ಹೋಗುತ್ತಿದ್ದ ನಮ್ಮ ಬಂಡಿಯನ್ನು ನಾವು ಕೂಡಿಕೊಂಡುದು ಎಂಟು ಗಂಟೆಯ ಸುಮಾರಿಗೆ. ಕೊಪ್ಪರಿಗೆಯೊಳಗೆ ಆಳು ಕಾಲು ಮಡಿಸಿಕೊಂಡು ಮಲಗಿದ್ದನು; ಎತ್ತುಗಳು ತಾವಾಗಿಯೇ ದಾರಿ ಹಿಡಿದು ನಡೆಯುತ್ತಿದ್ದುವು.