ಮೋಟರು ತಿರುಗಿದರೆ ಸಾಲದು, ನೀರು ಬರಬೇಕು

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯ ರೈತರಿಗೆ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಯಾಕೆ ಬೇಕೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಡುರಾತ್ರಿ ಕರೆಂಟು ಬಂದರೂ ಮೋಟರು ತಾನೇ ಚಾಲೂ ಆಗುತ್ತದೆ. ಕಂಪ್ಯೂಟರ್ ಕಲಿಯುವ ಮಕ್ಕಳಿಗೂ ಈ ಪುಟ್ಟ ಪೆಟ್ಟಿಗೆಯಲ್ಲಿ ದೊಡ್ಡ ಪಾಠವಿದೆ.

ಆ ಊರಿನ ಬಿ.ಸಿ.ಎ. ಹುಡುಗನೊಬ್ಬ, ಬ್ಯಾಡಗಿ ಮಾರುಕಟ್ಟೆಯ ಡಬ್ಬಿ, ಕಡ್ಡಿ ಮೆಣಸಿನಕಾಯಿ ದರ ತಿಳಿಸುವ ಪ್ರೋಗ್ರಾಮ್ ಬರೆದನೆನ್ನಿ. ಅಪ್ಪನ ಮೊಬೈಲ್ ಪ್ರಶ್ನೆ ಕೇಳುತ್ತದೆ. ದೂರದ ಸರ್ವರ್‌ನಲ್ಲಿರುವ ಪ್ರೋಗ್ರಾಮ್ ಉತ್ತರಿಸುತ್ತದೆ. ಹೀಗೆ ಕೇಳುವುದಕ್ಕೂ ಹೇಳುವುದಕ್ಕೂ ಗೊತ್ತುಮಾಡಿದ ರೀತಿಯೇ ಎಪಿಐ. ಹುಡುಗ ಸರ್ವರ್‌ಗೆ ಲಾಗಿನ್ ಆಗಿ ಪ್ರೋಗ್ರಾಮ್ ಓಡಿಸಿದ. ದರ ಬಂತು. ಖುಷಿಯಿಂದ ಲ್ಯಾಪ್‌ಟಾಪ್ ಮುಚ್ಚಿ ಮಲಗಿದ. ಬೆಳಿಗ್ಗೆ ಅಪ್ಪ ಕೇಳಿದರು: “ನಿನ್ನೆ ಬಂದ ದರ ಇವತ್ತ್ಯಾಕ ಬರವಲ್ದೋ ತಮ್ಮಾ?”

ಲಾಗಿನ್ ಕಡಿದೊಡನೆ ಪ್ರೋಗ್ರಾಮೂ ನಿಂತಿತ್ತು. ಇಂಥ ಪ್ರೋಗ್ರಾಮನ್ನು ಕಾಯುವುದೇ ಪ್ರೋಸೆಸ್ ಮ್ಯಾನೇಜರ್‌ನ ಕೆಲಸ. ಲಿನಕ್ಸ್‌ನಲ್ಲಿ 2010ರಲ್ಲಿ ಬಂದ ‘ಸಿಸ್ಟಮ್‌ಡಿ’ ಅಂಥದೊಂದು. ನೋಡ್ ಜೆಎಸ್ ಬಳಸುವವರಿಗೆ ‘ಪಿಎಂ2’ ಇದೆ. ಯಾವ ಪ್ರೋಗ್ರಾಮ್, ಯಾವ ಬಳಕೆದಾರನ ಹೆಸರಿನಲ್ಲಿ ಓಡಬೇಕು, ಬಿದ್ದರೆ ಏನು ಮಾಡಬೇಕು ಎಂದು ಸಿಸ್ಟಮ್‌ಡಿಗೆ ಒಂದು ಚಿಕ್ಕ ಕಡತದಲ್ಲಿ ಬರೆದುಕೊಟ್ಟರೆ ಸಾಕು. ‘ಸ್ಟಾರ್ಟ್’ ಎಂದರೆ ಈಗಲೇ ಚಾಲೂ. ‘ಎನೇಬಲ್’ ಎಂದರೆ ಸರ್ವರ್ ಆರಿ ಹತ್ತಿದಾಗಲೆಲ್ಲ ಚಾಲೂ. ಎರಡನೆಯದನ್ನು ಮರೆತವರಿಗೆ ಸರ್ವರ್ ಮರುಚಾಲೂ ಆದ ದಿನವೇ ಅದರ ನೆನಪು.

ಪದೇ ಪದೇ ಟ್ರಿಪ್ ಆಗುವ ಮೋಟರನ್ನು ಹಟ ಹಿಡಿದು ಚಾಲೂ ಮಾಡಿದರೆ ವೈಂಡಿಂಗ್ ಸುಡುತ್ತದೆ. ಸಿಸ್ಟಮ್‌ಡಿಗೂ ಈ ವಿವೇಕವಿದೆ. ಬೇರೆ ಸೂಚನೆ ಇಲ್ಲದಿದ್ದರೆ, 10 ಸೆಕೆಂಡಿನೊಳಗೆ 5 ಸಲ ಶುರುಮಾಡಿದರೂ ಪ್ರೋಗ್ರಾಮ್ ಬೀಳುತ್ತಿದ್ದರೆ ಅದು ಕೈಬಿಡುತ್ತದೆ. ಆಗ ಓದಬೇಕಾದದ್ದು ಲಾಗ್, ಅಂದರೆ ಪ್ರೋಗ್ರಾಮಿನ ದಿನಚರಿ. ಬಿದ್ದ ಕಾರಣ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಬೋರ್ ಬತ್ತಿದರೂ ಮೋಟರು ತಿರುಗುತ್ತಲೇ ಇರಬಹುದು. ಪ್ರೋಗ್ರಾಮೂ ಹಾಗೆಯೇ: ಜೀವಂತವಿದ್ದು ಹೋದ ವಾರದ ದರವನ್ನೇ ಹೇಳುತ್ತಿರಬಹುದು. ಪ್ರೋಸೆಸ್ ಮ್ಯಾನೇಜರ್ ಉಸಿರನ್ನು ನೋಡುತ್ತದೆ, ಮಾತಿನ ಸತ್ಯವನ್ನಲ್ಲ. ನಿಂತುಹೋದ ಸೇವೆ ರೈತನನ್ನು ಕಾಯಿಸುತ್ತದೆ. ಹಳೆಯ ದರ ಹೇಳುವ ಸೇವೆ ಅವನ ವರ್ಷದ ದುಡಿಮೆಯನ್ನೇ ತಪ್ಪು ದಿನ ಲಾರಿಗೆ ಹೇರಿಸುತ್ತದೆ. ಆದ್ದರಿಂದ ದರದ ಜೊತೆ ಅದರ ತಾರೀಖನ್ನೂ ತೋರಿಸಬೇಕು; ಉತ್ತರ ಸರಿಯೇ ಎಂದು ಆಗಾಗ ಕೇಳಿ ನೋಡುವ ಏರ್ಪಾಡೂ ಬೇಕು.

ಮಗ ಪ್ರೋಗ್ರಾಮ್ ಬರೆದನೆಂದು ಹಿಗ್ಗುವ ತಂದೆತಾಯಿ ಮರುದಿನವೂ, ಮರುವಾರವೂ ಅದನ್ನು ತೆರೆದು ಒಂದು ಪ್ರಶ್ನೆ ಕೇಳಲಿ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ.